ಬೈಗುಳದ ಪುಸ್ತಕ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ನನ್ನ ಕೋಪಕ್ಕೆ ಹನ್ನೊಂದು ಪೇಟೆಂಟ್ ಬಂದಿವೆ. ಅವರ ಒಳ್ಳೆಯ ಸ್ವಭಾವಕ್ಕೆ ಒಂದಾದರೂ ಬಂದಿದೆಯೇ?

ಪೇಟೆಂಟ್‌ಗಳಿರುವುದು ನನ್ನ ಹೆಸರಿನಲ್ಲಲ್ಲ, ನನ್ನ ತಮ್ಮನ ಹೆಸರಿನಲ್ಲಿ. ಅವನು ಇಂಜಿನಿಯರ್. ನಾನು ಹೊಲಿಗೆಯವಳು, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು, ನನಗೆ ಹತ್ತೊಂಬತ್ತು. ಅವನನ್ನು ಬೆಳೆಸಿದ್ದು ನಾನು, ಓದಿಸಿದ್ದು ನನ್ನ ಹೊಲಿಗೆ ಯಂತ್ರ. ಅವನು ಕೆಲಸಕ್ಕೆ ಸೇರಿದ ವರ್ಷ ಗಿರಾಕಿಯೊಬ್ಬರ ಬಿಳಿ ಅಂಗಿಗೆ ಬಟ್ಟೆ ಕ್ಲಿಪ್ಪಿನ ತುಕ್ಕು ಹತ್ತಿತು. ಆ ಕ್ಲಿಪ್ಪನ್ನು ತಂದು ಅವನ ತಟ್ಟೆಯ ಪಕ್ಕ ಎಸೆದು, "ಅಷ್ಟು ವರ್ಷ ಕಾಲೇಜಲ್ಲಿ ಏನು ಕಡಿದು ಗುಡ್ಡೆ ಹಾಕಿದೆ? ತುಕ್ಕು ಹಿಡಿಯದ ಒಂದು ಕ್ಲಿಪ್ ಮಾಡೋಕೆ ಬರಲ್ವಾ ನಿಂಗೆ?" ಎಂದು ಬೈದೆ. ಮೂರು ತಿಂಗಳಿಗೆ ತಂತಿಯೇ ಇಲ್ಲದ, ಒಂದೇ ತುಂಡಿನ ಕ್ಲಿಪ್ ಮಾಡಿ ತಂದ. ಅದು ಮೊದಲನೆಯ ಪೇಟೆಂಟ್.

ಆಮೇಲೆ ಗಾಳಿಗೆ ಬಡಿದುಕೊಳ್ಳುವ ಕಿಟಕಿಗೆ ಬೈದೆ, ಕಿಟಕಿಯ ಚಿಲಕ ಬಂತು. ಸೊಂಟ ಬಗ್ಗಿಸಿ ನೆಲ ಒರೆಸುವುದಕ್ಕೆ ಬೈದೆ, ನಿಂತಲ್ಲೇ ಹಿಂಡುವ ಕೋಲು ಬಂತು. ಎಣ್ಣೆ ಬಾಟಲಿಯ ಮುಚ್ಚಳ ಕಳೆದುಹೋಗುತ್ತದೆಂದು ಬೈದೆ, ಬಾಟಲಿಗೇ ಅಂಟಿಕೊಂಡಿರುವ ಮುಚ್ಚಳ ಬಂತು. ಹೀಗೆ ಹನ್ನೊಂದು. ಎಲ್ಲದರಲ್ಲೂ ಅವನ ಹೆಸರಿದೆ, ಹಕ್ಕು ಮಾತ್ರ ಅವನು ಸಂಬಳಕ್ಕಿದ್ದ ಕಂಪನಿಯದು. ಪ್ರಮಾಣಪತ್ರಗಳನ್ನು ಚೌಕಟ್ಟು ಹಾಕಿಸಿ ಅವರ ಕಾರಿಡಾರಿನಲ್ಲಿ ತೂಗುಹಾಕಿದ್ದಾರೆ.

ನಮ್ಮಿಬ್ಬರದೂ ಒಂದು ಪದ್ಧತಿ ಇದೆ. ತಮ್ಮ ಯಾವ ಮಾದರಿ ತಂದರೂ ಜೊತೆಗೊಂದು ಗೆರೆ ಹಾಕಿದ ನೋಟ್‌ಬುಕ್ ತರುತ್ತಾನೆ. ಮೊದಲ ಪುಟದಲ್ಲಿ ಮಾದರಿಯ ಸಂಖ್ಯೆ, ಕೊಟ್ಟ ದಿನ. ಮಿಕ್ಕ ಪುಟಗಳು ನನ್ನವು. ಎಲ್ಲಿ ಚುಚ್ಚಿತು, ಎಲ್ಲಿ ಜಾರಿತು, ಯಾವ ಹೊತ್ತಿನಲ್ಲಿ ಕೈಕೊಟ್ಟಿತು, ಎಲ್ಲವನ್ನೂ ತಾರೀಖು ಹಾಕಿ ಬರೆಯಬೇಕು. ಅವನ ಹೆಂಡತಿ ಒಮ್ಮೆ ಅದನ್ನು ಓದಿ ಬಿದ್ದು ಬಿದ್ದು ನಕ್ಕು, "ಅತ್ತಿಗೆ, ಇದು ಬೈಗುಳದ ಪುಸ್ತಕ" ಎಂದಳು. ಆ ಹೆಸರೇ ನಿಂತಿತು. ನನಗೆ ಸಾಕೆನಿಸಿದ ದಿನ ಪುಸ್ತಕವನ್ನು ಅವನ ಮುಂದೆ ಎಸೆಯುತ್ತೇನೆ. ಅಲ್ಲಿಯವರೆಗೆ ಅವನು ಅದನ್ನು ತೆರೆಯುವ ಹಾಗಿಲ್ಲ. ಎಸೆದ ಮೇಲೆ ಅದರಲ್ಲಿರುವ ಒಂದೊಂದು ಸಾಲನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುತ್ತಾನೆ. ಮೂವತ್ತು ವರ್ಷದಲ್ಲಿ ಒಂದು ಸಾಲನ್ನೂ ಅನುಮಾನಿಸಿದವನಲ್ಲ.

ಹನ್ನೊಂದನೆಯದು ಛತ್ರಿ. ಅದರ ಪುಸ್ತಕದ ಹತ್ತೊಂಬತ್ತನೆಯ ಬೈಗುಳ, 'ಮಡಚುವಾಗ ಗುಂಡಿಯ ಹತ್ತಿರ ಬೆರಳು ಸಿಕ್ಕಿಕೊಳ್ಳುತ್ತದೆ'. ತಮ್ಮ ಅದನ್ನು ಸರಿಪಡಿಸಿ ಹೊಸ ನಕ್ಷೆ ಕೊಟ್ಟ. ಕಂಪನಿಯವರು ಹೂಂ ಹೂಂ ಎಂದು ತಲೆಯಾಡಿಸಿ ಹಳೆಯ ಅಚ್ಚಿನಲ್ಲೇ ಛತ್ರಿ ಮಾಡಿ ಮಾರಿದರು. ಐದು ವರ್ಷದ ಹುಡುಗಿಯೊಬ್ಬಳ ಬೆರಳ ತುದಿ ತುಂಡಾಯಿತು. ಸುದ್ದಿ ಕೇಳಿದ ದಿನ ತಮ್ಮ ನನ್ನ ಅಂಗಡಿಗೆ ಬಂದು, ಬಟ್ಟೆಯ ರಾಶಿಯ ಪಕ್ಕ ಕೂತು, ಆ ಪುಟವನ್ನೇ ತೆರೆದಿಟ್ಟುಕೊಂಡು ಅತ್ತ. "ನೀನು ಬರೆದಿದ್ದೆಯಲ್ಲಕ್ಕಾ, ನೀನು ಬರೆದಿದ್ದೆ" ಎಂದು ಅದನ್ನೇ ಹೇಳುತ್ತಿದ್ದ. ಮರುವಾರವೇ ಕೆಲಸ ಬಿಟ್ಟ. ಎರಡು ಕೋಣೆಯ ಒಂದು ಕಾರ್ಯಾಗಾರ ಬಾಡಿಗೆಗೆ ಹಿಡಿದು, ಇನ್ನು ಮುಂದೆ ಮಾಡುವುದೆಲ್ಲ ತನ್ನ ಹೆಸರಿನಲ್ಲೇ, ತಾನು ಸರಿ ಎಂದ ಮೇಲೇ ಹೊರಗೆ ಹೋಗಬೇಕು ಎಂದ.

ಹನ್ನೆರಡನೆಯದು ಮುಚ್ಚಳ. ಫ್ಲಾಸ್ಕಿನ ಮುಚ್ಚಳ.

ಅದಕ್ಕೆ ಕಾರಣ ನನ್ನ ಎಡಗೈ. ಕತ್ತರಿ ಜಾರಿ ನರ ತುಂಡಾದಂದಿನಿಂದ ಆ ಕೈಯ ಮೂರು ಬೆರಳು ಮಡಚುವುದಿಲ್ಲ. ಬಟ್ಟೆ ಒತ್ತಿ ಹಿಡಿಯಲು ಸಾಕು, ಮುಚ್ಚಳ ತಿರುಗಿಸಲು ಆಗುವುದಿಲ್ಲ. ಫ್ಲಾಸ್ಕನ್ನು ತೊಡೆಗಳ ನಡುವೆ ಒತ್ತಿ ಹಿಡಿದು ತೆರೆಯಲು ಹೋಗಿ ಒಮ್ಮೆ ಮದುವೆ ಹೆಣ್ಣಿನ ಬಟ್ಟೆಯ ಮೇಲೆ ಚಹಾ ಚೆಲ್ಲಿಬಿಟ್ಟೆ. ಆವತ್ತು ನಾನು ತಮ್ಮನಿಗೆ ಬೈಯಲಿಲ್ಲ. ಕಲೆ ಉಜ್ಜುತ್ತ ಕೂತೆ. ಅವನು ನೋಡಿಕೊಂಡು ಹೋದ.

ಅವನು ತಂದ ಮುಚ್ಚಳದೊಳಗೆ ಒಂದು ಉಕ್ಕಿನ ಗುಂಡು, ಅದರ ಹಿಂದೊಂದು ಸಣ್ಣ ಸ್ಪ್ರಿಂಗ್. ಅಂಚನ್ನು ಅಂಗೈಯಿಂದ ಒತ್ತಿ ಬಗ್ಗಿಸಿದರೆ ಗುಂಡು ಪಕ್ಕಕ್ಕೆ ನಿಂತು ಚಹಾ ಬರುತ್ತದೆ. ಕೈ ಬಿಟ್ಟರೆ ಗುಂಡು ಉರುಳಿ ಬಾಯಿ ಮುಚ್ಚುತ್ತದೆ. ಫ್ಲಾಸ್ಕ್ ಮೇಜಿನಿಂದ ಕೆಳಗೆ ಬಿದ್ದರೂ ಒಂದು ಹನಿ ಚೆಲ್ಲುವುದಿಲ್ಲ. ಇಷ್ಟೆಲ್ಲಕ್ಕೂ ಒಂದೇ ಕೈ ಸಾಕು.

ಜೊತೆಗೆ ನೋಟ್‌ಬುಕ್ ಕೊಟ್ಟ. ನಾನು ಎರಡನೆಯ ಪುಟದಲ್ಲಿ 'ಸಿಕ್ಕಿತು' ಎಂದು ಬರೆದೆ. ಆಮೇಲೆ ನಾಲ್ಕು ತಿಂಗಳು ಒಂದು ಅಕ್ಷರವನ್ನೂ ಬರೆಯಲಿಲ್ಲ.

ಬರೆಯಲು ಏನಾದರೂ ಇದ್ದರೆ ತಾನೆ! ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ನನಗೇ ಸಿಗಲಿಲ್ಲ. ಬೇಕೆಂದೇ ಬೀಳಿಸಿದೆ. ಹಾಲು ಒಣಗಿಸಿ ಅಂಟು ಮಾಡಿದೆ. ಗಿರಾಕಿಗಳೆಲ್ಲ ನೋಡಿ, ಒತ್ತಿ, ಬಗ್ಗಿಸಿ, ಬೆರಗಾಗಿ ಹೋದರು. ನಾಲ್ಕು ತಿಂಗಳಾದ ಮೇಲೆ ತಮ್ಮ ಬಂದು "ಬೈಗುಳ ಎಲ್ಲಿ ಅಕ್ಕಾ?" ಎಂದು ಕೇಳಿದಾಗಲಾದರೂ ಚೆನ್ನಾಗಿದೆ ಎನ್ನಬಹುದಿತ್ತು. ನನ್ನ ನಾಲಿಗೆಗೆ ಆ ಅಭ್ಯಾಸವಿಲ್ಲ. ಹೊಗಳಿದರೆ ತಲೆ ಮೇಲೆ ಕೂರುತ್ತಾನೆ ಎಂದುಕೊಂಡೇ ಅವನನ್ನು ಬೆಳೆಸಿದವಳು ನಾನು. "ಹೇಳ್ಕೊಳ್ಳೋ ಅಂಥದ್ದೇನಿಲ್ಲ, ಬರ್ಕೊಂಡಿದೀನಿ. ಅರ್ಜಿ ಹಾಕ್ಹೋಗು" ಎಂದೆ. ಅವನು ಅರ್ಜಿ ಹಾಕಿದ.

ಅಲ್ಲಿಗೆ ಬಂತು ಕುತ್ತು. ಸಣ್ಣ ಕಾರ್ಖಾನೆಯೊಂದು ಈ ಮುಚ್ಚಳ ತಯಾರಿಸಲು ಮುಂದೆ ಬಂದಿತ್ತು. ಪೇಟೆಂಟ್ ಸಿಕ್ಕಿದರೆ ಮಾತ್ರ. ಸಿಗದಿದ್ದರೆ ತಮ್ಮ ತನ್ನ ಕಾರ್ಯಾಗಾರಕ್ಕೆ ಬೀಗ ಹಾಕಿ, ಐವತ್ತರ ವಯಸ್ಸಿನಲ್ಲಿ ಮತ್ತೆ ಯಾವುದಾದರೂ ಕಂಪನಿಯ ಬಾಗಿಲು ತಟ್ಟಬೇಕು. ಅಷ್ಟರಲ್ಲಿ ದೊಡ್ಡ ಫ್ಲಾಸ್ಕ್ ಕಂಪನಿಯೊಂದು ಪೇಟೆಂಟ್ ಕಚೇರಿಗೆ ಆಕ್ಷೇಪಣೆ ಸಲ್ಲಿಸಿತು. ನನ್ನ ಗಿರಾಕಿಯೊಬ್ಬಳು ಹೊಸ ಕೋಟು ಹಾಕಿ ನೋಡುವಾಗ ಕನ್ನಡಿಯ ಮುಂದೆ ಫೋಟೋ ತೆಗೆದು ಎಲ್ಲರಿಗೂ ಹಂಚಿದ್ದಳು. ಅದರಲ್ಲಿ ಅವಳ ಬೆನ್ನ ಹಿಂದೆ ನಾನು ಚಹಾ ಬಗ್ಗಿಸುತ್ತಿದ್ದೇನೆ. ತಾರೀಖು ಅರ್ಜಿಗಿಂತ ಮೂರು ತಿಂಗಳು ಮೊದಲಿನದು. ಈ ಮುಚ್ಚಳ ಆಗಲೇ ಬೀದಿಯವರೆಲ್ಲರ ಕಣ್ಣೆದುರು ಬಳಕೆಯಲ್ಲಿತ್ತು, ಆದ್ದರಿಂದ ಹೊಸದಲ್ಲ, ಪೇಟೆಂಟ್ ಕೊಡಕೂಡದು ಎನ್ನುವುದು ಅವರ ವಾದ.

ನಮ್ಮ ವಕೀಲಮ್ಮ ಬುಧವಾರ ಬೆಳಿಗ್ಗೆ ಫೋನು ಮಾಡಿದರು. ವಿಚಾರಣೆ ಗುರುವಾರ ಹನ್ನೊಂದಕ್ಕೆ.

"ಗಾಬರಿ ಆಗ್ಬೇಡಿ ಅಮ್ಮಾ. ಪರೀಕ್ಷೆಗೆ ಅಂತ ಕೊಟ್ಟಿದ್ರೆ ತೊಂದರೆ ಇಲ್ಲ, ಬಳಸೋಕೆ ಅಂತ ಕೊಟ್ಟಿದ್ರೆ ಕಷ್ಟ. ನಿಮ್ಮ ತಮ್ಮ ಹೇಳಿದ್ರು, ನೀವು ಪ್ರತಿಯೊಂದು ಮಾದರಿಗೂ ದೋಷ ಬರೆದಿಡ್ತೀರಂತೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಆ ಪುಸ್ತಕ ತನ್ನಿ, ಗೆದ್ದ ಹಾಗೇ."

"ತರ್ತೀನಿ" ಎಂದೆ. ಫೋನು ಇಟ್ಟೆ. ಪುಸ್ತಕ ತೆರೆದೆ. 'ಸಿಕ್ಕಿತು'. ಅಷ್ಟೇ. ಅದರಾಚೆಗೆ ಬರೀ ಗೆರೆಗಳು.

ಮಧ್ಯಾಹ್ನಕ್ಕೇ ಅಂಗಡಿಯ ಬಾಗಿಲೆಳೆದೆ. ಮನೆಯಲ್ಲಿದ್ದ ಪೆನ್ನುಗಳನ್ನೆಲ್ಲ ಮೇಜಿನ ಮೇಲೆ ಹಾಕಿಕೊಂಡೆ. ಹರಿದ ಕೋಟನ್ನು ಹರಿದದ್ದೇ ಗೊತ್ತಾಗದ ಹಾಗೆ ಹೊಲಿಯುವವಳಿಗೆ ಇದೇನು ಮಹಾ ಎಂದುಕೊಂಡೆ. ಒಂದು ದಿನಕ್ಕೆ ನೀಲಿ, ಇನ್ನೊಂದು ದಿನಕ್ಕೆ ಕಪ್ಪು, ಮಧ್ಯೆ ಎರಡು ಕಡೆ ಪೆನ್ಸಿಲ್ಲು. 'ಸ್ಪ್ರಿಂಗ್ ಕಿರ್ ಎನ್ನುತ್ತದೆ.' 'ಅಂಚು ಅಂಗೈಗೆ ಒತ್ತುತ್ತದೆ.' ಭಾನುವಾರಗಳನ್ನು ಬಿಟ್ಟು ತಾರೀಖು ಹಾಕಿದೆ. ಪುಟದ ಮೂಲೆಗೆ ಬಟ್ಟೆಯ ಸೀಮೆಸುಣ್ಣ ಸವರಿದೆ, ಒಂದು ಕಡೆ ಚಹಾ ಹನಿಸಿದೆ. ಹೊರಗೆ ಯಾರ ಹೆಜ್ಜೆ ಕೇಳಿದರೂ ಪುಸ್ತಕದ ಮೇಲೆ ಬಟ್ಟೆ ಎಳೆಯುತ್ತಿದ್ದೆ. ಸಣ್ಣಪುಟ್ಟ ತಪ್ಪುಗಳಷ್ಟೇ ಇದ್ದರೆ ಪರೀಕ್ಷೆ ಎನಿಸುವುದಿಲ್ಲವೆಂದು ಹದಿನೇಳನೆಯದನ್ನು ದೊಡ್ಡದು ಮಾಡಿದೆ. 'ಗುಂಡು ಸಿಕ್ಕಿಹಾಕಿಕೊಂಡಿತು. ಕೈ ಬಿಟ್ಟರೂ ಮುಚ್ಚಲಿಲ್ಲ. ಬಿಸಿ ಚಹಾ ಎಡಗೈ ಮೇಲೆ ಬಿತ್ತು.' ಒಟ್ಟು ಇಪ್ಪತ್ತಮೂರು. ಮೂವತ್ತು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು ಬೈಗುಳಗಳು.

ಸಂಜೆ ತಮ್ಮ ಬಂದಾಗ ಪುಸ್ತಕ ನನ್ನ ಚೀಲದಲ್ಲಿತ್ತು. "ಅಕ್ಕಾ, ಒಂದ್ಸಲ ನೋಡ್ಲಾ?" ಎಂದ.

"ನಾನು ಎಸೆದಿದೀನಾ? ಎಸೆದ ಮೇಲೆ ನೋಡು."

ನಕ್ಕು ಸುಮ್ಮನಾದ. ಪದ್ಧತಿ ಅಂದರೆ ಪದ್ಧತಿ ಅವನಿಗೆ.

ವಿಚಾರಣೆಯ ಕೋಣೆ ನಮ್ಮ ಅಂಗಡಿಗಿಂತ ಸ್ವಲ್ಪ ದೊಡ್ಡದು. ಉದ್ದನೆಯ ಮೇಜು, ಗೋಡೆಗೆ ಕಡತಗಳ ಕಪಾಟು, ಒಂದು ಗಡಿಯಾರ. ಮೇಜಿನ ತಲೆಯ ಕಡೆ ಅಧಿಕಾರಿ, ಕನ್ನಡಕವನ್ನು ಹಣೆಗೇರಿಸಿಕೊಂಡು ಓದುವ ಮನುಷ್ಯ. ಪಕ್ಕದಲ್ಲಿ ಟೈಪು ಮಾಡುವ ಗುಮಾಸ್ತೆ. ಆಚೆ ಬದಿಗೆ ಕಂಪನಿಯ ವಕೀಲ, ಈಚೆಗೆ ನಾವು ಮೂವರು. ಮೇಜಿನ ನಡುವೆ ನನ್ನ ಫ್ಲಾಸ್ಕು, ಅದರ ಮೇಲೆ ಆ ಮುಚ್ಚಳ.

ಕಂಪನಿಯ ವಕೀಲ ಫೋಟೋ ಮುಂದಿಟ್ಟ. ಅದರಲ್ಲಿರುವುದು ನಾನೇ ಎಂದೆ. ನಮ್ಮ ವಕೀಲಮ್ಮ ಪುಸ್ತಕ ಮುಂದಿಟ್ಟರು. ಅದನ್ನು ಬರೆದದ್ದೂ ನಾನೇ ಎಂದೆ. ಆಚೆಯ ವಕೀಲ ಒಂದೊಂದೇ ಪುಟ ತಿರುಗಿಸಿದ. ಬೆಳಕಿಗೆ ಹಿಡಿದ. ಮೂಗಿನ ಹತ್ತಿರ ತಂದ.

"ಇಷ್ಟೊಂದು ಬಣ್ಣದ ಪೆನ್ನು ಯಾಕಮ್ಮಾ?"

"ಹೊಲಿಗೆ ಅಂಗಡಿ ಸ್ವಾಮಿ. ಅಳತೆ ಬರೆಯೋಕೆ ಯಾವ ಪೆನ್ನು ಕೈಗೆ ಸಿಗುತ್ತೋ ಅದು."

"ಈ ಕಲೆ?"

"ಚಹಾ. ಇದಕ್ಕೆ ಮೊದಲು ನಿಮ್ಮ ಕಂಪನಿ ಫ್ಲಾಸ್ಕ್ ಇಟ್ಕೊಂಡಿದ್ದೆ. ಈಗಲೂ ಆಗಾಗ ಅದನ್ನ ಮೇಜಿನ ಮೇಲೆ ಇಡ್ತೀನಿ, ಅದು ಸೋರುತ್ತೆ."

ಅಧಿಕಾರಿ ತುಟಿ ಬಿಗಿಹಿಡಿದು ನಗು ನುಂಗಿದರು. ಗುಮಾಸ್ತೆಗೆ ಅದೂ ಆಗಲಿಲ್ಲ. ವಕೀಲಮ್ಮ ಮೇಜಿನ ಕೆಳಗೆ ನನ್ನ ಮೊಣಕೈ ಒತ್ತಿದರು. ಕಂಪನಿಯ ವಕೀಲ ಮುಖ ಸಿಂಡರಿಸಿಕೊಂಡು ಪುಸ್ತಕ ಮುಚ್ಚಿದ. ಗೆದ್ದೆವು ಎಂದು ನನಗೆ ಆ ಗಳಿಗೆಯಲ್ಲಿ ಖಚಿತವಾಗಿ ಅನಿಸಿತು.

ಅಧಿಕಾರಿ ಪುಸ್ತಕವನ್ನು ತಮ್ಮನ ಕಡೆ ತಳ್ಳಿದರು. "ಕೊನೇದಾಗಿ ಒಂದು ಮಾತು. ಇದರಲ್ಲಿರೋ ದೋಷಗಳನ್ನ ಅರ್ಜಿ ಹಾಕೋಕೆ ಮೊದಲು ಸರಿಪಡಿಸಿದ್ರಾ? ಹೌದು ಅಥವಾ ಇಲ್ಲ ಅಂತ ಹೇಳಿದ್ರೆ ಸಾಕು."

"ಹೌದು ಅನ್ನಿ" ಎಂದು ವಕೀಲಮ್ಮ ಪಿಸುಗುಟ್ಟಿದರು.

ತಮ್ಮ ಹೌದೆನ್ನಲಿಲ್ಲ. ಪುಸ್ತಕ ತೆರೆದ. ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದ. ಚಿಕ್ಕಂದಿನಿಂದಲೂ ಅವನು ಹಾಗೇ ಓದುವುದು. ಅಯ್ಯೋ, ಇವನು ಓದುತ್ತಾನೆ ಎನ್ನುವುದು ನನಗೆ ಹೇಗೆ ಹೊಳೆಯಲಿಲ್ಲ! ಮೊದಲ ಪುಟ ಮುಗಿಯಿತು. ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಅವನ ಬೆರಳು ಹದಿನೇಳರ ಮೇಲೆ ನಿಂತಿತು. ಮುಂದಕ್ಕೆ ಹೋಗಲಿಲ್ಲ.

"ಅಕ್ಕಾ" ಎಂದ. "ಗುಂಡು ಸಿಕ್ಕಿಕೊಳ್ತಾ?"

ನಾನು ಪುಸ್ತಕ ಮುಚ್ಚಲು ಕೈ ಚಾಚಿದೆ.

"ಚಹಾ ಎಷ್ಟು ಬಿಸಿ ಇತ್ತು? ಕೈ ತೋರ್ಸು. ಎಡಗೈ ತೋರ್ಸು." ಎಲ್ಲರ ಮುಂದೆಯೇ ನನ್ನ ಕೈಯನ್ನು ಎಳೆದುಕೊಂಡು ಮೇಲೆ ಕೆಳಗೆ ತಿರುಗಿಸಿ ನೋಡಿದ. "ನಂಗೆ ಯಾಕೆ ಹೇಳಲಿಲ್ಲ? ಹೇಳ್ಕೊಳ್ಳೋ ಅಂಥದ್ದೇನಿಲ್ಲ ಅಂದ್ಯಲ್ಲಾ? ಇದು ಹೇಳ್ಕೊಳ್ಳೋ ಅಂಥದ್ದಲ್ವಾ?"

"ಕೂತ್ಕೊಳ್ಳಿ" ಎಂದು ವಕೀಲಮ್ಮ ಅವನ ತೋಳು ಹಿಡಿದೆಳೆದರು. ಅವನು ಆಗಲೇ ಎದ್ದು ನಿಂತಿದ್ದ.

"ಸಾರ್, ಸರಿಪಡಿಸಿಲ್ಲ. ನಂಗೆ ಗೊತ್ತೇ ಇರಲಿಲ್ಲ. ಗುಂಡು ಒಂದ್ಸಲ ಸಿಕ್ಕಿಕೊಂಡ್ರೆ ಇನ್ನೊಂದ್ಸಲನೂ ಸಿಕ್ಕಿಕೊಳ್ಳುತ್ತೆ. ಮಕ್ಕಳಿರೋ ಮನೆಗೆ ಹೋಗೋ ವಸ್ತು ಇದು." ಮೇಜಿನ ಮೇಲಿನ ಮುಚ್ಚಳವನ್ನು ನೋಡಿದ. ಯಾರದೋ ವಸ್ತುವನ್ನು ನೋಡುವ ಹಾಗೆ ನೋಡಿದ. "ನಾನು ಅರ್ಜಿ ವಾಪಸ್ ತಗೋತೀನಿ. ಈ ವಿನ್ಯಾಸನೇ ಬೇಡ. ಇದನ್ನ ಯಾರೂ ಮಾಡಬಾರದು."

ಗುಮಾಸ್ತೆಯ ಬೆರಳು ಕೀಲಿಗಳ ಮೇಲೇ ನಿಂತಿತು. ಕಂಪನಿಯ ವಕೀಲನ ಬಾಯಿ ತೆರೆದೇ ಇತ್ತು. ಸುಮ್ಮನಿದ್ದರೆ ಅವನು ತನ್ನ ಕೈಯಾರೆ ತನ್ನ ಮುಚ್ಚಳವನ್ನು ಕೊಂದು ಮನೆಗೆ ಬರುತ್ತಾನೆ, ತನ್ನಿಂದ ಅಕ್ಕನ ಕೈ ಸುಟ್ಟಿತು ಎಂದು ಸಾಯುವವರೆಗೂ ಕೊರಗುತ್ತಾನೆ. ಬಾಯಿ ಬಿಟ್ಟರೆ ಪೇಟೆಂಟ್ ಹೋಗುತ್ತದೆ. ತಮ್ಮನ ನೆಮ್ಮದಿಯೂ ಪೇಟೆಂಟೂ ಎರಡೂ ಉಳಿಯುವ ದಾರಿ ಇದೆಯೇ ಎಂದು ನೋಡಿದೆ. ಇರಲಿಲ್ಲ.

"ಲೋ, ಕೂತ್ಕೊಳ್ಳೋ!" ಎಂದು ಕೂಗಿದೆ. ಅಧಿಕಾರಿಯೂ ಬೆಚ್ಚಿದರು. "ಯಾವ ಗುಂಡೂ ಸಿಕ್ಕಿಕೊಂಡಿಲ್ಲ. ಯಾವ ಕೈಯೂ ಸುಟ್ಟಿಲ್ಲ. ಇದನ್ನೆಲ್ಲ ನಾನು ನಿನ್ನೆ ಮಧ್ಯಾಹ್ನ ಕೂತು ಬರೆದೆ."

"ಅಕ್ಕಾ, ನನ್ನ ಉಳಿಸೋಕೆ ಹಾಗೆ ಹೇಳ್ಬೇಡ..."

"ನಿನ್ನ ಉಳಿಸೋಕೆ ಅಂತಾನೇ ಸುಳ್ಳು ಬರೆದದ್ದು, ಮಂಕೇ! ಈಗ ಹೇಳ್ತಿರೋದು ನಿಜ." ಮೇಜಿನ ನಡುವಿನ ಫ್ಲಾಸ್ಕನ್ನು ಹತ್ತಿರಕ್ಕೆ ಎಳೆದುಕೊಂಡೆ. "ನಾಲ್ಕು ತಿಂಗಳು, ದಿನಕ್ಕೆ ಹತ್ತು ಸಲ ಬಗ್ಗಿಸಿದೀನಿ. ಬೇಕೂಂತ ಬೀಳಿಸಿದೀನಿ. ಹಾಲು ಹಾಕಿ ಒಣಗಿಸಿದೀನಿ. ಒಂದು ತಪ್ಪೂ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೇ ಪುಸ್ತಕ ಖಾಲಿ ಇತ್ತು. ಇಷ್ಟು ಚೆನ್ನಾಗಿರೋ ವಸ್ತು ನನ್ನ ಕೈಗೆ ಇದುವರೆಗೆ ಬಂದಿಲ್ಲ. ಈ ಕೈ ಹೀಗಾದ ಮೇಲೆ ಯಾರನ್ನೂ ಕೇಳದೆ ಒಂದು ಲೋಟ ಚಹಾ ಕುಡಿದದ್ದು ಇದರಿಂದಲೇ. ಸಾಕಾ? ಇನ್ನೂ ಹೇಳ್ಬೇಕಾ?"

ತಮ್ಮ ನಿಧಾನವಾಗಿ ಕುರ್ಚಿಯಲ್ಲಿ ಕೂತ.

ಕಂಪನಿಯ ವಕೀಲ ಗಂಟಲು ಸರಿಮಾಡಿಕೊಂಡು, "ಅಂದ್ರೆ ಪರೀಕ್ಷೆ ಅಲ್ಲ, ಪೂರ್ಣ ಬಳಕೆ. ನಮ್ಮ ವಾದವೂ ಅದೇ" ಎಂದ. ಆ ಮಾತು ಹೇಳುವಾಗ ಅವನೂ ನನ್ನ ಮುಖ ನೋಡಲಿಲ್ಲ.

ಅಧಿಕಾರಿ ಹಣೆಯಿಂದ ಕನ್ನಡಕ ಇಳಿಸಿಕೊಂಡರು. "ಸುಳ್ಳು ದಾಖಲೆ ಕೊಡೋದು ಅಪರಾಧ ಅಂತ ಗೊತ್ತೇನಮ್ಮಾ?"

"ಗೊತ್ತು ಸಾರ್. ಬರೆದದ್ದು ನಾನೊಬ್ಬಳೇ. ಇವನಿಗೂ ಗೊತ್ತಿಲ್ಲ, ವಕೀಲಮ್ಮನಿಗೂ ಗೊತ್ತಿಲ್ಲ. ಏನು ಮಾಡ್ತೀರೋ ನನಗೆ ಮಾಡಿ."

ಅವರು ಬಹಳ ಹೊತ್ತು ಏನನ್ನೋ ಬರೆದರು. ಸಾಕ್ಷಿ ತಾನಾಗಿಯೇ ತಪ್ಪೊಪ್ಪಿಕೊಂಡಿದ್ದರಿಂದ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದೇನೆ ಎಂದರು. ಪುಸ್ತಕ ಸದ್ಯಕ್ಕೆ ಕಚೇರಿಯಲ್ಲೇ ಇರುತ್ತದೆ, ಆದೇಶ ಅಂಚೆಯಲ್ಲಿ ಬರುತ್ತದೆ ಎಂದರು. ಆ ಆದೇಶದಲ್ಲಿ ಏನಿರುತ್ತದೆ ಎನ್ನುವುದು ಕಪಾಟಿನ ಕಡತಗಳಿಗೂ ಗೊತ್ತಿತ್ತು.

ಹೊರಗೆ ಬಂದ ಮೇಲೆ ವಕೀಲಮ್ಮ ನನ್ನ ಕಡೆ ನೋಡದೆ ಹೊರಟುಹೋದರು. ಅವರದೇನೂ ತಪ್ಪಿಲ್ಲ. ನಾವಿಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಫ್ಲಾಸ್ಕ್ ನನ್ನ ಮಡಿಲಲ್ಲಿತ್ತು.

"ಬೈದುಬಿಡು" ಎಂದೆ. "ನಿನ್ನ ಹೊಟ್ಟೆ ಮೇಲೆ ಹೊಡೆದೆ ನಾನು. ಚೆನ್ನಾಗಿದೆ ಅಂತ ನೀನು ತಂದುಕೊಟ್ಟ ವಾರವೇ ಒಂದು ಮಾತು ಹೇಳಿದ್ರೆ ಮರುದಿನವೇ ನೀನು ಅರ್ಜಿ ಹಾಕ್ತಿದ್ದೆ. ಫೋಟೋಗಿಂತ ಮೊದಲೇ ಆಗಿರ್ತಿತ್ತು. ನನ್ನ ಈ ಹಾಳು ನಾಲಿಗೆ."

ಅವನು ಬೈಯಲಿಲ್ಲ. ಬಗ್ಗಿ ಮುಚ್ಚಳದ ಅಂಚನ್ನು ಬೆರಳಿಂದ ಸವರಿ ನೋಡಿದ. ಆಮೇಲೆ, "ನಿಜವಾಗ್ಲೂ ಒಂದೂ ಇಲ್ವಾ ಅಕ್ಕಾ?" ಎಂದ.

"ಒಂದೂ ಇಲ್ಲ ಅಂದೆನಲ್ಲೋ."

"ಅಂಚು ಅಂಗೈಗೆ ಒತ್ತಲ್ವಾ?"

"ಒತ್ತಲ್ಲ."

"ಸ್ಪ್ರಿಂಗ್?"

"ತಲೆ ತಿನ್ಬೇಡ" ಎಂದೆ, ಅಳು ಬಂದುಬಿಟ್ಟಿತು. ಅವನು ನನ್ನ ಮಡಿಲಿಂದ ಫ್ಲಾಸ್ಕ್ ತೆಗೆದುಕೊಂಡು ಲೋಟಕ್ಕೆ ಚಹಾ ಬಗ್ಗಿಸಿ ನನ್ನ ಕೈಗಿಟ್ಟ. ಒಂದೇ ಕೈಯಲ್ಲಿ.

ಐದು ವಾರದ ಮೇಲೆ ಆದೇಶ ಬಂತು, ಪರೀಕ್ಷೆಗೆ ನಂಬುವಂಥ ದಾಖಲೆಯಿಲ್ಲ, ಅರ್ಜಿ ತಿರಸ್ಕೃತ. ಸಣ್ಣ ಕಾರ್ಖಾನೆಯವರು ಹಿಂದೆ ಸರಿದರು. ಈಗ ಆ ಮುಚ್ಚಳವನ್ನು ಯಾರು ಬೇಕಾದರೂ ಮಾಡಬಹುದು, ಮಾಡುತ್ತಲೂ ಇದ್ದಾರೆ. ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಯಾರ ಹೆಸರೂ ಅದರ ಮೇಲಿಲ್ಲ. ತಮ್ಮ ತನ್ನ ಕಾರ್ಯಾಗಾರಕ್ಕೆ ಬೀಗ ಹಾಕಿ ಪಂಪು ತಯಾರಿಸುವ ಕಂಪನಿಯೊಂದಕ್ಕೆ ಸೇರಿದ. ಅಂಗಡಿಗಳ ಮುಂದೆ ಹಾದುಹೋಗುವಾಗ ಆ ಸಾಲು ಸಾಲು ಫ್ಲಾಸ್ಕುಗಳನ್ನು ನೋಡಿದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಪುಸ್ತಕವನ್ನು ಕಚೇರಿಯವರು ಮೊಹರು ಒತ್ತಿ ತಮ್ಮನಿಗೆ ಹಿಂದಿರುಗಿಸಿದ್ದರಂತೆ. ನನಗೆ ಗೊತ್ತಿರಲಿಲ್ಲ. ಕಳೆದ ವಾರ ಒಂದು ಸಂಜೆ ಅವನು ಅಂಗಡಿಗೆ ಬಂದು, ನಾನು ಹೊಲಿಯುತ್ತಿದ್ದ ಬಟ್ಟೆಯ ಮೇಲೆ ಅದನ್ನು ಎಸೆದ. ಎಸೆಯುವ ಸರದಿ ಮೊದಲ ಸಲ ಅವನದಾಗಿತ್ತು.

ತೆರೆದೆ. ನನ್ನ ಇಪ್ಪತ್ತಮೂರು ಸುಳ್ಳುಗಳೂ ಹಾಗೇ ಇದ್ದವು. ಒಂದೊಂದರ ಕೆಳಗೂ ಅವನ ಸಣ್ಣ ಅಕ್ಷರ. 'ಸ್ಪ್ರಿಂಗ್ ಎರಡು ಸಾವಿರ ಸಲ ಒತ್ತಿ ನೋಡಿದೆ. ಸದ್ದಿಲ್ಲ.' 'ಅಂಚು ಮೂವರ ಅಂಗೈಗೆ ಕೊಟ್ಟು ನೋಡಿದೆ. ಒತ್ತುವುದಿಲ್ಲ.' ಹದಿನೇಳನೆಯದರ ಕೆಳಗೆ ಬರವಣಿಗೆ ಉದ್ದವಿತ್ತು. 'ಕುದಿಯುವ ನೀರು, ಹಾಲು, ಸಕ್ಕರೆ ಪಾಕ. ನಾಲ್ಕು ಸಾವಿರ ಸಲ. ಗುಂಡು ಸಿಕ್ಕಿಕೊಳ್ಳಲಿಲ್ಲ.' ಹೋದ ಅರ್ಜಿಗಾಗಿ, ಯಾರದೂ ಅಲ್ಲದ ಮುಚ್ಚಳಕ್ಕಾಗಿ, ಕೆಲಸ ಮುಗಿಸಿ ಬಂದು ದಿನವೂ ಕೂತು ಒತ್ತಿದ್ದಾನೆ ಈ ಹುಚ್ಚ.

ಇಪ್ಪತ್ತಮೂರರ ಕೆಳಗೆ ಒಂದು ಗೆರೆ ಎಳೆದು, ತಾರೀಖು ಹಾಕಿ, 'ಅಕ್ಕ ಹೇಳಿದ್ದು ನಿಜ' ಎಂದು ಬರೆದಿದ್ದ.

ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಅವನು ಮೇಜಿನ ಆಚೆ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದ, ಪರೀಕ್ಷೆಯ ಅಂಕಪಟ್ಟಿ ತಂದು ನಿಲ್ಲುತ್ತಿದ್ದನಲ್ಲ, ಹಾಗೆ.

"ಚೆನ್ನಾಗಿದೆ ಕಣೋ" ಎಂದೆ.